ಶಾಲಾ ಸಂಸತ್ತಿಗೆ ಅಸಲಿ ಚುನಾವಣೆಯ ವೇಷ ಬೇಕೇ?

ಜೂನ್, ಜುಲೈ ಬಂತೆಂದರೆ ಕರ್ನಾಟಕದ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ. ಕೆಲವು ಕಡೆ ಕೈ ಎತ್ತಿಸಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ಇನ್ನು ಕೆಲವು ಕಡೆ ಅಧಿಸೂಚನೆ, ನಾಮಪತ್ರ, ಚಿಹ್ನೆ, ಮತಗಟ್ಟೆ, ಏಜೆಂಟರು, ಬೆರಳಿಗೆ ಗುರುತು, ಎಣಿಕೆ, ಪ್ರಮಾಣವಚನ ಎಲ್ಲವೂ ಉಂಟು. ವಿಧಾನಸಭೆ ಚುನಾವಣೆಯನ್ನೇ ಕುಗ್ಗಿಸಿ ಶಾಲೆಯ ಅಂಗಳದಲ್ಲಿ ಇಟ್ಟ ಹಾಗೆ. ಮಕ್ಕಳಿಗೆ ಚುನಾವಣೆ ಅರ್ಥವಾಗಬೇಕಾದರೆ ಈ ಎರಡನೆಯ ದಾರಿಯೇ ಸರಿಯೇ? ಮತಗಟ್ಟೆಯ ಕೆಲಸ ಬಲ್ಲ ಒಬ್ಬರು, ಮಕ್ಕಳ ಸಭೆಗಳ ಒಳಹೊರಗು ಬಲ್ಲ ಇನ್ನೊಬ್ಬರು ಇಲ್ಲಿ ವಾದ ಮಂಡಿಸಿದ್ದಾರೆ.

ಪರ: ಲೆಕ್ಕ ತಾಳೆಯಾಗಬೇಕು, ಅದೇ ಪಾಠ

ಸೋತವನು ಫಲಿತಾಂಶವನ್ನು ಏಕೆ ಒಪ್ಪಿಕೊಳ್ಳಬೇಕು? ಪೌರನೀತಿಯ ಪಾಠದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಮತಗಟ್ಟೆಯಲ್ಲಿ ಸಿಗುತ್ತದೆ. ನಮ್ಮ ಚುನಾವಣಾ ನಿಯಮಗಳನ್ನು ಬರೆದವರು ಯಾರನ್ನೂ ನಂಬದೆ ಬರೆದಿದ್ದಾರೆ. ಅಧಿಕಾರಿಯ ಮೇಲೆ ಅಭ್ಯರ್ಥಿಯ ಏಜೆಂಟನ ಕಣ್ಣು, ಆ ಏಜೆಂಟನ ಮೇಲೆ ಎದುರಾಳಿಯ ಏಜೆಂಟನ ಕಣ್ಣು. ಯಂತ್ರ ಹೇಳಿದ ಸಂಖ್ಯೆಯನ್ನು, ಮತದಾರರು ಸಹಿ ಹಾಕಿದ ವಹಿಯ ಸಂಖ್ಯೆ ಅಡ್ಡಗಟ್ಟಿ ಕೇಳುತ್ತದೆ. ಎಲ್ಲರ ಅನುಮಾನಕ್ಕೂ ಒಂದೊಂದು ಕುರ್ಚಿ ಹಾಕಿಕೊಟ್ಟಿರುವುದರಿಂದಲೇ ಕೊನೆಗೆ ಎಲ್ಲರೂ ಒಪ್ಪುವ ಒಂದು ಸಂಖ್ಯೆ ಹೊರಬರುತ್ತದೆ. ಕೈ ಎತ್ತಿಸಿ ಆರಿಸಿದರೆ ಶಾಲೆಗೆ ನಾಯಕ ಸಿಗುತ್ತಾನೆ. ಮಕ್ಕಳು ಮಾತ್ರ ಮೇಷ್ಟ್ರ ಮುಖ ನೋಡಿ ಕೈ ಎತ್ತುವುದನ್ನು ಕಲಿತಿರುತ್ತಾರೆ.

ಅಸಲಿ ವೇಳಾಪಟ್ಟಿಯಲ್ಲಿ ಅಧಿಸೂಚನೆಯಿಂದ ಏಳು ದಿನ ನಾಮಪತ್ರಕ್ಕೆ, ಮಾರನೆಯ ದಿನ ಪರಿಶೀಲನೆ, ಅಲ್ಲಿಂದ ಎರಡು ದಿನ ವಾಪಸಾತಿಗೆ, ಆಮೇಲೆ ಮತದಾನಕ್ಕೆ ಕನಿಷ್ಠ ಹದಿನಾಲ್ಕು ದಿನ. ಶಾಲೆಯಲ್ಲಿ ಇದನ್ನೆಲ್ಲ ಹತ್ತು ದಿನಕ್ಕೆ ಇಳಿಸಬಹುದು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕೊನೆಯ ದಿನ ಮಾತ್ರ ಅರ್ಧ ದಿನ ಬೇಕು. 'ಪಾಠಕ್ಕೆ ಹೊತ್ತಿಲ್ಲ' ಎನ್ನುವವರು ಈ ಲೆಕ್ಕ ಹಾಕಿ ನೋಡಲಿ.

ಮೊದಲ ಕೆಲಸ ಮತದಾರರ ಪಟ್ಟಿ. ಹಾಜರಿ ಪುಸ್ತಕವನ್ನು ಹಾಗೇ ನಕಲು ಮಾಡುವುದು ಎಲ್ಲ ಕಡೆ ಆಗುವ ತಪ್ಪು. ಜೂನ್ ತಿಂಗಳಲ್ಲಿ ದಾಖಲಾತಿ ನಡೆಯುತ್ತಲೇ ಇರುತ್ತದೆ, ಟಿಸಿ ತೆಗೆದುಕೊಂಡು ಹೋದ ಹುಡುಗನ ಹೆಸರು ಉಳಿದಿರುತ್ತದೆ, ಮೊನ್ನೆ ಸೇರಿದ ಹುಡುಗಿಯ ಹೆಸರು ಬಂದಿರುವುದಿಲ್ಲ. ಆದ್ದರಿಂದ ಮೊದಲು ಕರಡು ಪಟ್ಟಿಯನ್ನು ಗೋಡೆಗೆ ಅಂಟಿಸಿ, ಎರಡು ದಿನ ಆಕ್ಷೇಪಣೆಗೆ ಬಿಟ್ಟು, ಆಮೇಲೆ ಅಂತಿಮ ಪಟ್ಟಿ ಹೊರಡಿಸಬೇಕು. ತಮ್ಮ ಹೆಸರನ್ನು ತಾವೇ ಹುಡುಕುವ ಮಕ್ಕಳು ಕಾಗುಣಿತದ ತಪ್ಪು, ಎರಡು ಬಾರಿ ಬಂದ ಹೆಸರು, ಬಿಟ್ಟುಹೋದ ಹೆಸರು ಎಲ್ಲವನ್ನೂ ಹಿಡಿದುಕೊಡುತ್ತಾರೆ. 1951–52ರ ಮೊದಲ ಮಹಾಚುನಾವಣೆಯಲ್ಲಿ ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರನ್ನು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನೇತೃತ್ವದ ಆಯೋಗ ಪಟ್ಟಿಯಿಂದ ಕೈಬಿಡಬೇಕಾಯಿತು. ಗೋಡೆಯ ಮೇಲಿನ ಕರಡು ಪಟ್ಟಿಯ ಮುಂದೆ ನಿಲ್ಲಿಸಿ ಈ ಸಂಗತಿ ಹೇಳಿದರೆ ಅದು ತಲೆಯಲ್ಲಿ ಉಳಿಯುತ್ತದೆ.

ನಾಮಪತ್ರಕ್ಕೆ ಒಂದು ಪುಟ ಸಾಕು: ಹೆಸರು, ತರಗತಿ, ಪಟ್ಟಿಯಲ್ಲಿನ ಕ್ರಮಸಂಖ್ಯೆ, ಸೂಚಕರ ಸಹಿ. ಪರಿಶೀಲನೆ ಎಲ್ಲರ ಎದುರೇ ನಡೆಯಬೇಕು. ಸಣ್ಣಪುಟ್ಟ ತಪ್ಪಿಗೆ ನಾಮಪತ್ರ ತಿರಸ್ಕರಿಸಬಾರದೆಂದು ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಕಾಗುಣಿತ ತಪ್ಪಿದ್ದರೆ ಇರಲಿ, ಸೂಚಕರ ಸಹಿಯೇ ಇಲ್ಲದಿದ್ದರೆ ಬೇರೆ ಮಾತು. ಠೇವಣಿ ಎಂದು ಮಕ್ಕಳಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಲೆಕ್ಕ ಮಾತ್ರ ಹಲಗೆಯ ಮೇಲೆ ಮಾಡಿಸಿ. ವಿಧಾನಸಭೆಗೆ 10,000, ಲೋಕಸಭೆಗೆ 25,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ. ಸೋತವರು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆಯದಿದ್ದರೆ ಠೇವಣಿ ಹೋಯಿತು. 228 ಸಿಂಧು ಮತ ಬಿದ್ದಲ್ಲಿ 38 ಬಂದವನ ಠೇವಣಿ ಉಳಿಯಿತೇ? ಇಲ್ಲ, 39 ಬೇಕಿತ್ತು. ಭಿನ್ನರಾಶಿಗೆ ಇದಕ್ಕಿಂತ ಚೆನ್ನಾದ ಉದಾಹರಣೆ ಗಣಿತದ ಪುಸ್ತಕದಲ್ಲಿ ಕಾಣೆ.

ಚಿಹ್ನೆ ಏಕೆ ಬೇಕೆಂದು ಒಂದನೇ ತರಗತಿಯ ಮಕ್ಕಳೇ ತೋರಿಸಿಕೊಡುತ್ತಾರೆ, ಅವರಿಗೆ ಇನ್ನೂ ಓದಲು ಬರುವುದಿಲ್ಲ. 1951ರಲ್ಲಿ ದೇಶಕ್ಕೆ ಇದ್ದದ್ದೂ ಇದೇ ತೊಡಕು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಪೆನ್ಸಿಲು, ಗಡಿಯಾರದಂಥವು ಬೇಕಾದಷ್ಟಿವೆ ಅನ್ನುವಷ್ಟರಲ್ಲಿ ಗಡಿಯಾರವೂ ಒಂದು ಪಕ್ಷದ್ದೆಂದು ನೆನಪಾಗುತ್ತದೆ. ಸೈಕಲ್, ಪೊರಕೆ, ಆನೆಯೂ ಬೇಡ. ಸ್ಲೇಟು, ಬುಗುರಿ, ಬಕೆಟ್ಟು ನಿರಪಾಯಕಾರಿ.

ಈಗ ಮತಯಂತ್ರ. ಎರಡು ಮೊಬೈಲುಗಳನ್ನು ಬ್ಲೂಟೂತ್‌ನಲ್ಲಿ ಜೋಡಿಸಿ, ಒಂದನ್ನು ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್, ಇನ್ನೊಂದನ್ನು ಅಧಿಕಾರಿಯ ಬಳಿ ಇರುವ ಕಂಟ್ರೋಲ್ ಯೂನಿಟ್ ಮಾಡುವ ಆ್ಯಪ್‌ಗಳು ಬಂದಿವೆ. ಬೀಪ್ ಶಬ್ದ ಕೇಳಿದರೆ ಮಕ್ಕಳಿಗೆ ಖುಷಿ. ಬಳಸುವುದಾದರೆ ಎಚ್ಚರ ಬೇಕು: ಸಿಮ್ ತೆಗೆದಿಡಿ, ಇಲ್ಲವಾದರೆ ಮತದಾನದ ನಡುವೆ ಕರೆ ಬಂದು ಪರದೆಯೇ ಬದಲಾಗುತ್ತದೆ, ಪರದೆ ತಾನಾಗಿ ಆರದಂತೆ ಮಾಡಿ, ಚಾರ್ಜ್ ಪೂರ್ತಿ ಇರಲಿ. ಅಸಲಿ ಯಂತ್ರಕ್ಕೆ ಬ್ಲೂಟೂತೂ ಇಲ್ಲ, ವೈಫೈಯೂ ಇಲ್ಲ, ಅದರ ಘಟಕಗಳನ್ನು ತಂತಿಯಲ್ಲೇ ಜೋಡಿಸುತ್ತಾರೆ ಎಂಬುದನ್ನು ಅದೇ ದಿನ ಹೇಳದಿದ್ದರೆ ಮಕ್ಕಳು ತಪ್ಪು ಕಲಿತು ಹೋಗುತ್ತಾರೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಈ ಯಂತ್ರದ ಜೊತೆ ವಿವಿಪ್ಯಾಟ್ ಇರುತ್ತದೆ. ಒತ್ತಿದ ಚಿಹ್ನೆಯ ಚೀಟಿ ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಯಂತ್ರದ ಲೆಕ್ಕಕ್ಕೂ ಚೀಟಿಯ ಲೆಕ್ಕಕ್ಕೂ ಹೊಂದದಿದ್ದರೆ ಚೀಟಿಯ ಲೆಕ್ಕವೇ ಅಂತಿಮ. ಮೊಬೈಲ್ ಆ್ಯಪ್ಪಿನಲ್ಲಿ ಆ ಚೀಟಿ ಎಲ್ಲಿಂದ ಬರಬೇಕು? ನನ್ನ ಮಟ್ಟಿಗೆ, ಮೊದಲ ವರ್ಷ ಕಾಗದದ ಮತಪತ್ರವೇ ಮೇಲು. ಎಲ್ಲವೂ ಕಣ್ಣಿಗೆ ಕಾಣುತ್ತದೆ.

ಯಂತ್ರವಿರಲಿ, ಪೆಟ್ಟಿಗೆಯಿರಲಿ, ಅಣಕು ಮತದಾನ ಬಿಡಬಾರದು. ಅಸಲಿಯಲ್ಲಿ ಮತದಾನಕ್ಕೆ ಒಂದೂವರೆ ಗಂಟೆ ಮೊದಲು ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ, ಎಣಿಸಿ ತೋರಿಸಿ, ಅಳಿಸಿ, ಸೊನ್ನೆ ತೋರಿಸಿ ಸೀಲ್ ಮಾಡುತ್ತಾರೆ. ಆ ಅಳಿಸುವ ಗುಂಡಿ ಒತ್ತುವುದನ್ನು ಮರೆತು ಅಣಕು ಮತಗಳೂ ಸೇರಿಹೋಗುವುದು ಚುನಾವಣಾ ಡ್ಯೂಟಿ ಮಾಡುವವರೆಲ್ಲ ಹೆದರುವ ತಪ್ಪು. ಅದಕ್ಕೇ ತರಬೇತಿಯಲ್ಲಿ 'ಕ್ಲೋಸ್, ರಿಸಲ್ಟ್, ಕ್ಲಿಯರ್' ಎಂದು ಮಂತ್ರದ ಹಾಗೆ ಹೇಳಿಸುತ್ತಾರೆ. ಶಾಲೆಗೆ ಹತ್ತು ಅಣಕು ಮತ ಸಾಕು. ಪೆಟ್ಟಿಗೆಯಾದರೆ ತಲೆಕೆಳಗೆ ಮಾಡಿ ಬಡಿದು ತೋರಿಸಿ, ಆಮೇಲೆ ಕಾಗದದ ಪಟ್ಟಿ ಸುತ್ತಿ ಅಂಟಿಸಿ, ಅದರ ಮೇಲೆ ಏಜೆಂಟರ ಸಹಿ ಹಾಕಿಸಿ.

ಮತಗಟ್ಟೆಯಲ್ಲಿ ಮೂರು ಮೇಜು. ಮೊದಲನೆಯವನು ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆ. ಕೂಗುವುದು ಏಜೆಂಟರಿಗೆ ಕೇಳಲೆಂದು. ಎರಡನೆಯವನು ವಹಿಯಲ್ಲಿ ಸಹಿ ಹಾಕಿಸಿ ಎಡಗೈ ತೋರುಬೆರಳಿನ ಉಗುರಿನಿಂದ ಮೊದಲ ಗಂಟಿನವರೆಗೆ ಗೆರೆ ಎಳೆಯುತ್ತಾನೆ. ಮೂರನೆಯವನು ಮತಪತ್ರ ಕೊಡುತ್ತಾನೆ. ಗೆರೆಗೆ ಮಾರ್ಕರ್ ಪೆನ್ನು ಸಾಕು. ಅಸಲಿ ಶಾಯಿ ನಮ್ಮ ಮೈಸೂರಿನದೇ, ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ಆಗುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೇ ಹತ್ತಿಕೊಂಡು ಬೆಳಕಿಗೆ ಕಪ್ಪಾಗುತ್ತದೆ, ಮಕ್ಕಳ ಮೇಲೆ ಅದರ ಪ್ರಯೋಗ ಬೇಡ. ಮತ ಹಾಕುವ ಮರೆಯನ್ನು ಹೆಚ್ಚಿನವರು ಬೆಳಕಿಗೆಂದು ಕಿಟಕಿಯ ಪಕ್ಕ ಇಡುತ್ತಾರೆ, ಹೊರಗಿನಿಂದ ಹತ್ತು ತಲೆಗಳು ಇಣುಕುತ್ತವೆ. ಕಿಟಕಿ ಬಾಗಿಲು ಇಲ್ಲದ ಗೋಡೆಯ ಬದಿಗೆ ಬೆಂಚು ಹಾಕಿ, ಮೇಲೆ ರಟ್ಟಿನ ಪೆಟ್ಟಿಗೆಯ ಮೂರು ಬದಿ ನಿಲ್ಲಿಸಿ, ಚಿಕ್ಕ ಮಕ್ಕಳಿಗೆ ಕೆಳಗೊಂದು ಮಣೆ ಇಡಿ. ಒಬ್ಬರಿಗೆ ಅರ್ಧ ನಿಮಿಷ ಎಂದರೂ 240 ಮಕ್ಕಳಿಗೆ ಎರಡು ಗಂಟೆ. ಎರಡು ಮತಗಟ್ಟೆ ಮಾಡಿದರೆ ಒಂದೇ ಗಂಟೆ.

ಮತಪತ್ರ ಮಡಿಸುವುದಕ್ಕೂ ಕ್ರಮವಿದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಅಡ್ಡಕ್ಕೆ ಮೊದಲು ಮಡಿಸಿದರೆ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಸಾಲಿಗೆ ಅಂಟಿ ಮತ ಯಾರದ್ದೆಂದು ತಿಳಿಯುವುದಿಲ್ಲ. ಎ4 ಹಾಳೆಯಲ್ಲಿ ನಾಲ್ಕು ಮತಪತ್ರ ಬರುತ್ತವೆ. 65 ಹಾಳೆಗೆ 260. ಪ್ರತಿಯೊಂದರ ಬೆನ್ನಿಗೆ ಮತಗಟ್ಟೆ ಅಧಿಕಾರಿಯ ಸಹಿ ಕಡ್ಡಾಯ.

ಎಣಿಕೆಗೆ ಮೊದಲು ತಾಳೆ. ವಹಿಯಲ್ಲಿ 231 ಸಹಿ, ಕೆಟ್ಟು ಹಿಂದಿರುಗಿದ್ದು 2, ಉಳಿದದ್ದು 27, ಒಟ್ಟು 260 ಸರಿ. ಪೆಟ್ಟಿಗೆಯಲ್ಲಿ 231 ಇರಬೇಕು. 230 ಇದ್ದರೆ ಯಾರೋ ಮತಪತ್ರವನ್ನು ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ. ಚಿಕ್ಕ ಮಕ್ಕಳಲ್ಲಿ ಇದು ಮಾಮೂಲು. 232 ಇದ್ದರೆ? ಬೆನ್ನಿನ ಸಹಿ ಇಲ್ಲದ್ದನ್ನು ಹುಡುಕಿ. ಇಂಥ ವ್ಯತ್ಯಾಸ ಕಂಡಾಗ ಮೇಷ್ಟ್ರು 'ಪರವಾಗಿಲ್ಲ ಬಿಡಿ' ಅಂದರೆ ಹತ್ತು ದಿನದ ಪಾಠ ಮಣ್ಣುಪಾಲು. ವ್ಯತ್ಯಾಸವನ್ನು ಬರೆದಿಟ್ಟು, ಏಜೆಂಟರ ಸಹಿ ಪಡೆದು, ಆಮೇಲೆ ಮುಂದುವರಿಯಬೇಕು. ಎರಡು ಕಡೆ ಗುರುತು, ಗುರುತೇ ಇಲ್ಲ, ಅಥವಾ ಮತ ಹಾಕಿದವರೇ ತಮ್ಮ ಹೆಸರು ಬರೆದದ್ದು ಇವೆಲ್ಲ ತಿರಸ್ಕೃತ, ಆದರೆ ಒಂದೊಂದನ್ನೂ ಎಲ್ಲರಿಗೂ ಎತ್ತಿ ತೋರಿಸಿಯೇ ತಿರಸ್ಕರಿಸಬೇಕು. ಸಮ ಬಂದರೆ ಚೀಟಿ ಎತ್ತುವುದು, ಅದೂ ಕಾನೂನಿನಲ್ಲೇ ಇದೆ. 'ನನ್ನ ಒಂದು ಮತದಿಂದ ಏನಾಗುತ್ತದೆ' ಎನ್ನುವ ಹುಡುಗನಿಗೆ 2004ರ ಸಂತೇಮರಹಳ್ಳಿಯ ಫಲಿತಾಂಶ ಬರೆದು ತೋರಿಸಿ: ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರದ ಅಂತರ 16.

ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆ, 'ನೋಟಾಗೆ ಹೆಚ್ಚು ಬಂದರೆ?' 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ, 'ಇವರಲ್ಲಿ ಯಾರೂ ಬೇಡ' ಎನ್ನುವ ಈ ಗುಂಡಿಗೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಫಲಿತಾಂಶ ಬದಲಿಸುವ ಶಕ್ತಿಯಿಲ್ಲ, ಅಭ್ಯರ್ಥಿಗಳ ಪೈಕಿ ಹೆಚ್ಚು ಪಡೆದವರೇ ಗೆದ್ದಂತೆ. ಇದು ಸರಿಯೇ ಎಂದು ಅವರೇ ಜಗಳವಾಡಲಿ.

ಒಂದು ಮಾತು ಬಾಕಿ. ಈ ಚುನಾವಣೆಯಲ್ಲಿ ಗೆದ್ದವರಿಗಿಂತ ಹೆಚ್ಚು ಕಲಿಯುವುದು ನಡೆಸಿದವರು. ಮತಗಟ್ಟೆ ಅಧಿಕಾರಿ, ಏಜೆಂಟ್, ಎಣಿಕೆ ಸಿಬ್ಬಂದಿ ಎಲ್ಲ ಮಕ್ಕಳೇ ಆಗಲಿ. ಶಿಕ್ಷಕರು ವೀಕ್ಷಕರಾಗಿ ಹಿಂದಿನ ಬೆಂಚಿನಲ್ಲಿ ಕೂರಲಿ. ಮತಯಂತ್ರದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶವನ್ನು ಹತ್ತು ವರ್ಷ ಕಳೆದು ಓದುವಾಗ, ಹದಿಮೂರನೇ ವಯಸ್ಸಿನಲ್ಲಿ 230ಕ್ಕೂ 231ಕ್ಕೂ ನಡುವಿನ ಒಂದು ಚೀಟಿಗಾಗಿ ಅರ್ಧ ಗಂಟೆ ಹುಡುಕಾಡಿದ ಹುಡುಗಿ ಮೊದಲು ಕೇಳುವುದು 'ವಹಿಯಲ್ಲಿ ಎಷ್ಟಿತ್ತು?' ಎಂದೇ.

ವಿರೋಧ: ಬೆರಳಿಗೆ ಗೆರೆ ಬಿತ್ತು, ಆಮೇಲೆ?

ಮತಪತ್ರ ಹೇಗೆ ಮಡಿಸಬೇಕೆಂಬುದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಶುರುವಾಗುವುದು ಹನ್ನೊಂದನೆಯ ದಿನ. ಪ್ರಮಾಣವಚನ ಆಯಿತು, ಫೋಟೊ ಬಂತು. ಆಗಸ್ಟ್‌ನಲ್ಲಿ ಅದೇ ಶಾಲೆಗೆ ಹೋಗಿ ಆರೋಗ್ಯ ಮಂತ್ರಿಯ ಕೆಲಸವೇನೆಂದು ಕೇಳಿ: ಸೋಮವಾರ ಉಗುರು ನೋಡುವುದು. ಆಹಾರ ಮಂತ್ರಿ? ಬಿಸಿಯೂಟಕ್ಕೆ ಸಾಲು ನಿಲ್ಲಿಸುವುದು. ಗೃಹ ಮಂತ್ರಿ ಗಲಾಟೆ ಮಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುತ್ತಾನೆ. ಇವೆಲ್ಲ ಮೊದಲು ಕ್ಲಾಸ್ ಮಾನಿಟರ್ ಮಾಡುತ್ತಿದ್ದ ಕೆಲಸ. ಏನನ್ನೂ ನಿರ್ಧರಿಸಲಾಗದ ಹುದ್ದೆಗೆ ಇಷ್ಟೊಂದು ಸಡಗರದಿಂದ ಚುನಾವಣೆ ಮಾಡಿದರೆ, ಮತ ಹಾಕುವುದೇ ಪ್ರಜಾಪ್ರಭುತ್ವದ ಮೊದಲು ಮತ್ತು ಕೊನೆ ಎಂದು ಮಗು ತಿಳಿಯುತ್ತದೆ. ದೊಡ್ಡವರಲ್ಲಿ ಬಹಳ ಮಂದಿ ಹಾಗೇ ತಿಳಿದಿದ್ದಾರೆ, ಮಕ್ಕಳಿಗೆ ಅದನ್ನು ಬೇರೆ ಕಲಿಸಬೇಕೇ?

ಅಸಲಿ ಚುನಾವಣೆಯ ಪಡಿಯಚ್ಚು ಎನ್ನುವುದಾದರೆ ಅದೂ ಸರಿಯಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಮಕ್ಕಳು ನೇರವಾಗಿ 'ಮುಖ್ಯಮಂತ್ರಿ'ಗೆ ಮತ ಹಾಕುತ್ತಾರೆ. ನಮ್ಮ ವ್ಯವಸ್ಥೆಯಲ್ಲಿ ಯಾರೂ ಮುಖ್ಯಮಂತ್ರಿಗೆ ಮತ ಹಾಕುವುದಿಲ್ಲ. ಶಾಸಕನನ್ನು ಆರಿಸುತ್ತೇವೆ, ಶಾಸಕರ ಬಹುಮತ ಯಾರಿಗಿದೆಯೋ ಅವರು ಮುಖ್ಯಮಂತ್ರಿ. ಎರಡನೆಯ ಸ್ಥಾನ ಬಂದವನಿಗೆ ಉಪಮುಖ್ಯಮಂತ್ರಿ, ಮೂರನೆಯವಳಿಗೆ ಶಿಕ್ಷಣ ಮಂತ್ರಿ ಎಂದು ಮತಗಳ ಇಳಿಕೆ ಕ್ರಮದಲ್ಲಿ ಖಾತೆ ಹಂಚುವುದು ಇನ್ನೂ ವಿಚಿತ್ರ. ಸೋತವರನ್ನೆಲ್ಲ ಸರ್ಕಾರಕ್ಕೆ ಸೇರಿಸಿಕೊಂಡರೆ ಪ್ರಶ್ನೆ ಕೇಳುವವರು ಯಾರು? ವಿರೋಧ ಪಕ್ಷದ ನಾಯಕ ಎಂದೊಂದು ಹುದ್ದೆ ಕೆಲವು ಕಡೆ ಇರುತ್ತದೆ, ಅದನ್ನೂ ಮೇಷ್ಟ್ರೇ ನೇಮಕ ಮಾಡಿರುತ್ತಾರೆ. ಪ್ರಶ್ನೋತ್ತರ ಅವಧಿ ಇಲ್ಲ, ಬಜೆಟ್ ಇಲ್ಲ, ಅವಿಶ್ವಾಸ ನಿರ್ಣಯ ಇಲ್ಲ. ಕುದುರೆಯ ಬಾಲ ಬಾಚಿ ಹೂ ಮುಡಿಸಿದ್ದಾರೆ, ಕುದುರೆ ಎಲ್ಲಿ?

ಪ್ರಚಾರದ ಮೂರು ದಿನವನ್ನೇ ನೋಡಿ. ಭಾಷಣ ಬರೆದುಕೊಡುವುದು ಮನೆಯವರು. ಚಾಕೊಲೇಟು ಹಂಚುವುದು ತಮಾಷೆ ಎಂದು ಬಿಟ್ಟುಬಿಡುತ್ತಾರೆ. 17 ಹುಡುಗರು, 13 ಹುಡುಗಿಯರಿರುವ ತರಗತಿಯಲ್ಲಿ ಹುಡುಗ ಹುಡುಗಿ ಎಂದು ಒಮ್ಮೆ ಪೈಪೋಟಿ ಶುರುವಾದರೆ ಎಣಿಕೆಗೆ ಮೊದಲೇ ಫಲಿತಾಂಶ ಗೊತ್ತು. ಹಳ್ಳಿಯಲ್ಲಿ ಕೇರಿ ಯಾವುದೆಂಬ ಲೆಕ್ಕ, ವಸತಿಶಾಲೆಯಲ್ಲಿ ಯಾವ ತಾಲ್ಲೂಕಿನವರೆಂಬ ಲೆಕ್ಕ ಸೇರಿಕೊಳ್ಳುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನ ಪ್ರಕಾರ ಪಕ್ಷರಹಿತ. ಆದರೂ 2020ರಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿಗಳನ್ನು ಓದಿದ್ದೇವೆ. ಮಗು ಅದನ್ನು ಮನೆಯಲ್ಲಿ, ಕಟ್ಟೆಯಲ್ಲಿ ಕೇಳಿಕೊಂಡೇ ಬಂದಿರುತ್ತದೆ. ಅಸಲಿಯ ಹಾಗೆ ಮಾಡು ಎಂದರೆ ಅದು ಯಾವ ಅಸಲಿಯನ್ನು ಮಾಡಬೇಕು? ಕಾಲೇಜು ವಿದ್ಯಾರ್ಥಿಗಳ ಚುನಾವಣೆಗೇ ಲಿಂಗ್ಡೊ ಸಮಿತಿ 2006ರಲ್ಲಿ 5,000 ರೂಪಾಯಿ ಖರ್ಚಿನ ಮಿತಿ, ಅಚ್ಚು ಹಾಕಿಸಿದ ಭಿತ್ತಿಪತ್ರ ಬೇಡ, ಕೈಯಲ್ಲಿ ಮಾಡಿದ್ದು ಮಾತ್ರ ಎಂದು ಕಟ್ಟು ಹಾಕಿತು. ಏಳನೇ ತರಗತಿಯ ಪ್ರಚಾರಕ್ಕೆ ಇಂಥ ಒಂದು ಸಾಲಿನ ನಿಯಮವೂ ಇರುವುದಿಲ್ಲ. (ನಮ್ಮ ರಾಜ್ಯದ ಕಾಲೇಜುಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಸಂಘದ ಚುನಾವಣೆಯೇ ನಿಂತಿದೆ. ಹನ್ನೆರಡು ವರ್ಷದವರಿಗೆ ತಾಲೀಮು, ಹದಿನೆಂಟು ತುಂಬಿದವರಿಗೆ ಬಾಗಿಲು ಬಂದ್!)

ಚಿಕ್ಕ ಶಾಲೆಗಳ ಮಾತು ಬೇರೆಯೇ. ಹದಿನಾಲ್ಕು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಗುಪ್ತ ಮತದಾನ ಎಂಬುದಿಲ್ಲ. ಪೆನ್ಸಿಲಿನ ಒತ್ತು ನೋಡಿದರೆ ಯಾರ ಗುರುತೆಂದು ಗೊತ್ತಾಗುತ್ತದೆ. ಎಣಿಕೆಯಲ್ಲಿ ಒಬ್ಬ ಹುಡುಗನಿಗೆ ಒಂದೇ ಮತ ಬಂದರೆ ಅದು ಅವನದೇ ಎಂದು ಎಲ್ಲರಿಗೂ ತಿಳಿಯುತ್ತದೆ, ಮಾರ್ಚ್ ತನಕ ಅದೇ ಅವನ ಅಡ್ಡಹೆಸರು. ಮತಗಟ್ಟೆವಾರು ಲೆಕ್ಕ ಹೊರಬಿದ್ದರೆ ಯಾವ ಊರು ಯಾರಿಗೆ ಹಾಕಿತೆಂದು ತಿಳಿದು ಹಗೆ ಸಾಧಿಸುತ್ತಾರೆ ಎಂದೇ ಚುನಾವಣಾ ಆಯೋಗ ಹಲವು ಯಂತ್ರಗಳ ಮತಗಳನ್ನು ಬೆರೆಸಿ ಎಣಿಸುವ ಟೋಟಲೈಸರ್ ಬೇಕೆಂದು 2008ರಲ್ಲಿ ಪ್ರಸ್ತಾಪಿಸಿತ್ತು. ನಾವು ಹದಿನಾಲ್ಕು ಜನರ ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇವೆ.

ಇನ್ನೂ ದೊಡ್ಡ ಲೋಪವೊಂದಿದೆ. ಹೆಚ್ಚು ಮತ ಬಂದವರು ಗೆದ್ದರು ಎಂಬುದು ಎಣಿಸುವ ಒಂದು ವಿಧಾನ ಮಾತ್ರ. ಅಸಲಿಯ ಹೆಸರಿನಲ್ಲಿ ಮಕ್ಕಳಿಗೆ ಅದೊಂದೇ ಗೊತ್ತಾಗುತ್ತದೆ. ಮೂವತ್ತು ಮಕ್ಕಳ ತರಗತಿಗೆ ಒಂದಿಷ್ಟು ಹಣ ಬಂದಿದೆ ಎನ್ನೋಣ. ವಾಲಿಬಾಲ್, ಕೇರಂ ಬೋರ್ಡ್, ಕಥೆ ಪುಸ್ತಕ ಮೂರರಲ್ಲಿ ಒಂದು ಕೊಳ್ಳಬೇಕು. ಒಬ್ಬೊಬ್ಬರೂ ಒಂದು ಚೀಟಿಯಲ್ಲಿ ಮೂರಕ್ಕೂ 1, 2, 3 ಬರೆಯಲಿ. 12 ಮಂದಿ ವಾಲಿಬಾಲ್, ಪುಸ್ತಕ, ಕೇರಂ ಎಂದು ಬರೆದರು. 10 ಮಂದಿ ಕೇರಂ, ಪುಸ್ತಕ, ವಾಲಿಬಾಲ್. 8 ಮಂದಿ ಪುಸ್ತಕ, ಕೇರಂ, ವಾಲಿಬಾಲ್.

ಮೊದಲ ಅಂಕಿ ಮಾತ್ರ ಎಣಿಸಿದರೆ 12 ಬಂದ ವಾಲಿಬಾಲ್ ಗೆದ್ದಿತು. ಆದರೆ 18 ಮಕ್ಕಳಿಗೆ ಅದು ಕೊನೆಯ ಆಯ್ಕೆ! ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಕೈಬಿಟ್ಟು ಎಣಿಸಿದರೆ, 8 ಬಂದ ಪುಸ್ತಕ ಹೊರಗೆ, ಆ ಎಂಟು ಚೀಟಿಗಳ ಎರಡನೆಯ ಆಯ್ಕೆ ಕೇರಂಗೆ ಸೇರುತ್ತದೆ. ಕೇರಂ 18, ವಾಲಿಬಾಲ್ 12, ಕೇರಂ ಗೆದ್ದಿತು. ಮೊದಲ ಆಯ್ಕೆಗೆ 2 ಅಂಕ, ಎರಡನೆಯದಕ್ಕೆ 1 ಕೊಟ್ಟರೆ ವಾಲಿಬಾಲ್ 24, ಕೇರಂ 28, ಪುಸ್ತಕ 38. ಪುಸ್ತಕ ಗೆದ್ದಿತು. ಚೀಟಿಗಳು ಅವೇ ಮೂವತ್ತು, ಒಬ್ಬರ ಮನಸ್ಸೂ ಬದಲಾಗಿಲ್ಲ. ಇದನ್ನು ಮಾಡಿ ತೋರಿಸಲು ಒಂದು ಪೀರಿಯಡ್ ಸಾಕು. ನಿಯಮವನ್ನು ಮೊದಲೇ, ಚೀಟಿ ಬರೆಯುವುದಕ್ಕೂ ಮುನ್ನ, ಒಪ್ಪಿಕೊಳ್ಳಬೇಕು ಎಂಬುದು ಆಮೇಲೆ ಯಾರೂ ಹೇಳದೆಯೇ ಹೊಳೆಯುತ್ತದೆ. ಎರಡು ಕಡೆ 1 ಬರೆದ ಚೀಟಿ ಅಸಿಂಧು. ಒಂದನ್ನೇ ಬರೆದು ಬಿಟ್ಟದ್ದು ಎರಡನೆಯ ವಿಧಾನದಲ್ಲಿ ಸಿಂಧು, ಅದರ ಆಯ್ಕೆ ಹೊರಬಿದ್ದಾಗ ಚೀಟಿಯನ್ನು ಬದಿಗಿಡಬೇಕು.

ಇದೇನೂ ಪರದೇಶದ ವಿಧಾನವಲ್ಲ. ರಾಷ್ಟ್ರಪತಿ, ರಾಜ್ಯಸಭಾ ಸದಸ್ಯರ ಆಯ್ಕೆ ಪ್ರಾಶಸ್ತ್ಯ ಮತದಲ್ಲೇ ನಡೆಯುತ್ತದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರದವು; ಅಲ್ಲಿ ಪ್ರೌಢಶಾಲೆಯ ಮೇಷ್ಟ್ರುಗಳೇ ಆಯೋಗ ಕೊಟ್ಟ ನೇರಳೆ ಬಣ್ಣದ ಪೆನ್ನಿನಲ್ಲಿ 1, 2, 3 ಬರೆದು ಬರುತ್ತಾರೆ. ಮರುದಿನ ತರಗತಿಗೆ ಬಂದು ಚುನಾವಣೆ ಎಂದರೆ ಗುಂಡಿ ಒತ್ತುವುದು ಎನ್ನುತ್ತಾರೆ.

ಹಾಗಾದರೆ ಏನು ಮಾಡಬೇಕು? ವ್ಯಕ್ತಿಗೆ ಮತ ಹಾಕಿಸುವುದನ್ನು ಒಂಬತ್ತನೆಯ ತರಗತಿಗೆ ಬಿಡಿ. ಅದಕ್ಕೂ ಕೆಳಗೆ, ವಿಷಯದ ಮೇಲೆ ನಿರ್ಧಾರ ಮಾಡಿಸಿ. ವಾರಕ್ಕೆ 40 ನಿಮಿಷದ ತರಗತಿ ಸಭೆ ಸಾಕು. ಬಾಗಿಲ ಬಳಿ ಒಂದು ಡಬ್ಬಿ, ವಿಷಯ ಬರೆದು ಹಾಕಲು. ಅಧ್ಯಕ್ಷತೆ ಚೀಟಿ ಎತ್ತಿ, ಎರಡು ವಾರಕ್ಕೊಮ್ಮೆ ಬದಲು. ಹೀಗಾದರೆ ಮಾತೇ ಆಡದ ಹುಡುಗಿಗೂ ವರ್ಷದಲ್ಲಿ ಒಮ್ಮೆ ಆ ಕುರ್ಚಿ ಸಿಗಬಹುದು, ಚುನಾವಣೆಯಲ್ಲಿ ಅದು ಚೂಟಿ ಮಕ್ಕಳಿಗೇ ಮೀಸಲು. ಒಬ್ಬರಿಗೆ ಒಂದು ನಿಮಿಷ, ಎಲ್ಲರೂ ಒಂದು ಸುತ್ತು ಮಾತಾಡುವ ತನಕ ಯಾರಿಗೂ ಎರಡನೆಯ ಸರದಿ ಇಲ್ಲ. ನಡಾವಳಿ ಪುಸ್ತಕದಲ್ಲಿ ನಾಲ್ಕು ಅಂಕಣ: ನಿರ್ಧಾರ, ಯಾರು ಮಾಡಬೇಕು, ಯಾವಾಗ, ಆಯಿತೇ. ಮುಂದಿನ ಸಭೆ ಆ ಕೊನೆಯ ಅಂಕಣ ಓದುವುದರಿಂದ ಶುರುವಾಗಬೇಕು. ಸಭೆಗಳು ಕೆಡುವುದು ಇಲ್ಲೇ. ಮೂರು ವಾರ ಆ ಅಂಕಣ ಖಾಲಿ ಉಳಿದರೆ ನಾಲ್ಕನೆಯ ವಾರ ಡಬ್ಬಿಯೂ ಖಾಲಿ.

ಯಾವುದನ್ನು ಮತಕ್ಕೆ ಹಾಕಬಾರದು ಎಂಬುದನ್ನು ಮೊದಲ ಸಭೆಯಲ್ಲೇ ಗೋಡೆಗೆ ಬರೆಯಬೇಕು. ಬಿಸಿಯೂಟದ ಪಟ್ಟಿ ಶಾಲೆಯ ಕೈಯಲ್ಲಿಲ್ಲ, ಅದರ ಬಗ್ಗೆ ಅರ್ಜಿ ಬರೆಯಬಹುದು, ಮತ ಹಾಕಿ ಪ್ರಯೋಜನವಿಲ್ಲ. ಆಟದ ಪೀರಿಯಡ್‌ನಲ್ಲಿ ಯಾವ ಆಟ, ಕೈತೋಟದಲ್ಲಿ ಯಾವ ಗಿಡ, ಗ್ರಂಥಾಲಯಕ್ಕೆ ಯಾವ ಪುಸ್ತಕ, ಇವು ಮಕ್ಕಳ ಕೈಯಲ್ಲಿವೆ. ಇನ್ನು ಮೂರನೆಯ ಬಗೆ: ಹುಡುಗಿಯರ ಶೌಚಾಲಯಕ್ಕೆ ನೀರು ಬೇಕೇ, ಒಬ್ಬ ಮಗುವಿನ ಪಕ್ಕ ಕೂತು ಊಟ ಮಾಡಬೇಕೇ ಎಂಬುದನ್ನು 29 ಮಂದಿ ಒಂದು ಕಡೆಯಿದ್ದರೂ ಮತಕ್ಕೆ ಹಾಕುವಂತಿಲ್ಲ. ಬಹುಮತ ಮುಟ್ಟಲಾಗದ ಜಾಗವೊಂದಿದೆ ಎಂಬುದು ಚುನಾವಣೆಯಷ್ಟೇ ದೊಡ್ಡ ಪಾಠ. ಮತಗಟ್ಟೆಯ ಮೂರು ಮೇಜುಗಳಲ್ಲಿ ಯಾವುದರ ಮೇಲೂ ಅದನ್ನು ಕಲಿಸುವ ಪುಸ್ತಕವಿಲ್ಲ.

ಶಾಲೆಯ ಹೊರಗಿನ ಅಧಿಕಾರಕ್ಕೆ, ಪಂಚಾಯಿತಿಯ ಮುಂದೆ ಮಕ್ಕಳು ತಮ್ಮ ಅಹವಾಲು ಹೇಳುವ ಮಕ್ಕಳ ಗ್ರಾಮ ಸಭೆ ಇದೆ. ಅಲ್ಲೂ ಮೈಕ್ ಮುಂದೆ ಬಾಯಿಪಾಠ ಒಪ್ಪಿಸಿ ಬರುವುದೇ ಹೆಚ್ಚು. 'ನಮ್ಮ ಶಾಲೆಯಲ್ಲಿ ನೀರಿಲ್ಲ' ಎಂದರೆ ಪಿಡಿಒ 'ನೋಡೋಣ' ಎನ್ನುತ್ತಾರೆ. '500 ಲೀಟರ್ ಟ್ಯಾಂಕ್, 180 ಮಕ್ಕಳು, ಹನ್ನೊಂದೂವರೆಗೆ ಖಾಲಿಯಾಗುತ್ತದೆ, ಎರಡು ವಾರ ಬರೆದಿಟ್ಟ ಪಟ್ಟಿ ಇಲ್ಲಿದೆ' ಎಂದರೆ ಉತ್ತರ ಬೇರೆಯಾಗುತ್ತದೆ. ಉತ್ತರವನ್ನು ದಿನಾಂಕದೊಂದಿಗೆ ನಡಾವಳಿಯಲ್ಲಿ ಬರೆಸಿ, ಅದರ ನಕಲು ತಂದು ಶಾಲೆಯ ಗೋಡೆಗೆ ಅಂಟಿಸಬೇಕು.

ನಾಮಪತ್ರ, ಮತಯಂತ್ರ, ವಿವಿಪ್ಯಾಟ್ ಬೇಡವೆಂದಲ್ಲ. ಅದಕ್ಕೆ ಹೊತ್ತಿದೆ, ಜಾಗವಿದೆ. ಪ್ರೌಢಶಾಲೆ, ಕಾಲೇಜುಗಳಿಗೆಂದೇ ಆಯೋಗ 2018ರಲ್ಲಿ ಚುನಾವಣಾ ಸಾಕ್ಷರತಾ ಕ್ಲಬ್‌ಗಳನ್ನು ಆರಂಭಿಸಿದೆ. ಹದಿನೇಳು ದಾಟಿದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6ರಲ್ಲಿ ಮುಂಗಡವಾಗಿಯೇ ಅರ್ಜಿ ಹಾಕಬಹುದು. ಮೊದಲು ಜನವರಿ 1 ಒಂದೇ ಹದಿನೆಂಟು ತುಂಬಿರಬೇಕಾದ ಅರ್ಹತಾ ದಿನಾಂಕವಾಗಿತ್ತು, ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ದ್ವಿತೀಯ ಪಿಯುಸಿ ತರಗತಿಯಲ್ಲಿ ಆ ನಮೂನೆಯನ್ನು ಒಂದು ಪೀರಿಯಡ್ ಕೂತು ತುಂಬಿಸಿದರೆ ಅಣಕು ಚುನಾವಣೆ ಬೇಕಾಗುವುದಿಲ್ಲ, ಅಸಲಿಯೇ ಶುರುವಾಗಿರುತ್ತದೆ. ಐದನೇ ತರಗತಿಯ ಆರೋಗ್ಯ ಮಂತ್ರಿಗೆ ಸದ್ಯ ಬೇಕಾಗಿರುವುದು ಒಡೆದ ನಲ್ಲಿಯ ಬಗ್ಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಅರ್ಜಿ ಬರೆಯಲು ಒಂದು ಹಾಳೆ, ಮತ್ತು ಅದಕ್ಕೆ ಸ್ವೀಕೃತಿ ಸಹಿ.